ಸೋತವರ ಬಿಲ್ಲೆಗಳು

ಎಂಟು ದಿನದಿಂದ ಜಿನುಗುತ್ತಿದ್ದ ಮಳೆ ಆವತ್ತು ಬೆಳಿಗ್ಗೆ ಯಾರೋ ನಲ್ಲಿ ತಿರುಗಿಸಿದ ಹಾಗೆ ನಿಂತು, ಹಿಂದಿನ ಗೋಡೆಯ ಮೇಲೆ ಎಳೆ ಬಿಸಿಲು ಬಿದ್ದಿತ್ತು. ಒದ್ದೆ ಬಟ್ಟೆಯ ರಾಶಿ ಹೊತ್ತು ಹೊರಗೆ ಬಂದ ಸೊಸೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು ಮುಖಕ್ಕೆ ಬಿಸಿಲು ಕಾಯಿಸಿಕೊಂಡಳು. ಅವಳಿಗೆ ಆವತ್ತು ರಜೆ ಬೇರೆ. ದೇವರು ತಾನಾಗಿ ಕೊಟ್ಟ ಇಂಥ ದಿನವನ್ನು ಬರಿದೆ ಕಳೆಯಬಾರದು ಅನ್ನಿಸಿತು.

ಒಳಗೆ ಅವಳ ಮಾವ ಮತ್ತು ಗಂಡ, ಅಪ್ಪ ಮಗ ಇಬ್ಬರ ಮಾತು ಆಗಲೇ ಶುರುವಾಗಿತ್ತು.

"ಶುಕ್ರವಾರ ಆ ವಸ್ತುಸಂಗ್ರಹಾಲಯದೋರು ಈ ಬಿಲ್ಲೆಗಳನ್ನ ತಗೊಂಡು ಹೋಗ್ಲಿಲ್ಲ ಅಂದ್ರೆ ಗುಜರಿಯವನಿಗೆ ಹೇಳೋದೇ," ಎನ್ನುತ್ತಿದ್ದ ಮಗ, ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ. ಅವನು ಊರ ಬಸ್ಸಿನ ಡ್ರೈವರು. ಮನೆಯಲ್ಲೂ ಅಡ್ಡ ಬಂದದ್ದಕ್ಕೆಲ್ಲ ಹಾರನ್ ಹೊಡೆಯುವ ಸ್ವಭಾವ. "ಹೊಸ ಮನೇಲಿರೋದು ಎರಡೇ ರೂಮು, ಅದೂ ಮೂರನೇ ಮಹಡಿ. ಈ ಬೀರೂನ ಮೆಟ್ಟಿಲು ಹತ್ತಿಸೋರು ಯಾರು, ನೀನಾ ನಾನಾ?"

"ಬೀರು ಬೇಡಪ್ಪ, ಬಿಲ್ಲೆ ಬಂದ್ರೆ ಸಾಕು," ಎಂದರು ಮಾವ, ಬ್ರೆಡ್ಡನ್ನು ಹಾಲಿನಲ್ಲಿ ಅದ್ದುತ್ತಾ.

"ಬಿಲ್ಲೆ ಇಡೋಕೆ ಬೀರು ಬೇಕು, ಬೀರು ಇಡೋಕೆ ಜಾಗ ಬೇಕು. ಒಂದು ಕೆಲಸ ಮಾಡು. ಮಂಚದ ಮೇಲೆ ಅವು ಮಲಗ್ಲಿ, ಕೆಳಗೆ ನೀನು ಮಲಗು."

"ಅಪ್ಪಾ, ಅವರು ನೂರಾ ಎಂಬತ್ತಾರು ಜನ. ತಾತನ ಮಂಚ ಸಾಲಲ್ಲ," ಎಂದಳು ಮೊಮ್ಮಗಳು. ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿ. ಮನೆಯಲ್ಲಿ ಎಲ್ಲರೂ ಅವಳನ್ನು ಚೂಟಿ ಎಂದೇ ಕರೆಯುವುದು.

"ನೀನು ಬಾಯಿ ಮುಚ್ಕೊಂಡು ಮೊಟ್ಟೆ ತಿನ್ನು."

"ಬಾಯಿ ಮುಚ್ಕೊಂಡು ಹೇಗಪ್ಪ ತಿನ್ನೋದು?"

ಮಾವ ನಕ್ಕರು. ಮಗ ನಗಲಿಲ್ಲ. ಮನೆಯ ಮಾಲೀಕ ಮನೆ ಕೆಡವಿ ಅಂಗಡಿ ಸಾಲು ಕಟ್ಟುವವನಿದ್ದ. ಒಂದೂವರೆ ತಿಂಗಳಲ್ಲಿ ಖಾಲಿ ಮಾಡಬೇಕು. ಅದಕ್ಕೇ ಅವನ ಎದೆಯಲ್ಲಿ ಸದಾ ಒಂದು ಲಾರಿ ಸಾಮಾನು ಹೇರಿಕೊಂಡೇ ಇರುತ್ತಿತ್ತು.

ಮಾವ ಐವತ್ತು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು. ಸೀಸದ ಅಕ್ಷರಗಳನ್ನು ತಲೆಕೆಳಗಾಗಿ, ಹಿಂದುಮುಂದಾಗಿ, ಬೆರಳ ತುದಿಯಲ್ಲೇ ಓದಿದವರು. ಆ ಊರಲ್ಲಿ ಹಿಂದೆ ಒಂದು ರೂಢಿಯಿತ್ತು. ಪುರಸಭೆಯ ಚುನಾವಣೆಗೆ ನಿಂತವರು ತಮ್ಮ ಮುಖ, ತಮ್ಮ ಗುರುತು ಒತ್ತಿಸಿ ಹಿತ್ತಾಳೆಯ ಬಿಲ್ಲೆ ಮಾಡಿಸುತ್ತಿದ್ದರು. ಅವರ ಕಡೆಯವರು ಅದನ್ನು ಎದೆಗೆ ಚುಚ್ಚಿಕೊಂಡು ಓಡಾಡುತ್ತಿದ್ದರು. ಎಣಿಕೆ ಮುಗಿದ ಮಾರನೇ ದಿನ ಗೆದ್ದವರ ಬಿಲ್ಲೆ ಮನೆಯ ಗೋಡೆ ಏರುತ್ತಿತ್ತು, ಸೋತವರ ಬಿಲ್ಲೆ ಚರಂಡಿಗೆ ಬೀಳುತ್ತಿತ್ತು. ಮಾವ ಹರೆಯದಲ್ಲಿ ತಾವೇ ಕರಪತ್ರ ಜೋಡಿಸಿಕೊಟ್ಟಿದ್ದ ಒಬ್ಬ ಬಡ ಅಭ್ಯರ್ಥಿಯ ಬಿಲ್ಲೆಯನ್ನು ಹಾಗೆ ಚರಂಡಿಯಿಂದ ಎತ್ತಿಕೊಂಡರು. ಅಲ್ಲಿಂದ ಹಿಡಿದ ಹುಚ್ಚು. ತಮ್ಮ ಅಪ್ಪ ಹುಟ್ಟುವುದಕ್ಕೂ ಮುಂಚಿನ ಬಿಲ್ಲೆಗಳನ್ನು ಮನೆಮನೆ ತಿರುಗಿ ತಂದರು. ಒಂದೂ ಗೆದ್ದವನದ್ದಲ್ಲ. "ಗೆದ್ದೋರನ್ನ ನೆನಪಿಟ್ಕೊಳ್ಳೋಕೆ ಬೀದಿಗೆಲ್ಲ ಅವರ ಹೆಸರಿದೆ. ಇವರಿಗೆ ಯಾರಿದಾರೆ?" ಎನ್ನುತ್ತಿದ್ದರು. ಬೀದಿಯವರಿಗೆ ಅವರು ಬಿಲ್ಲೆ ತಾತ.

ಈಗ ಎರಡೂ ಕಣ್ಣು ಮಂಜಾಗುತ್ತಿದ್ದವು. ನರವೇ ಒಣಗುತ್ತಿದೆ, ವರ್ಷ ಕಳೆಯುವುದರೊಳಗೆ ಪೂರ್ತಿ ಹೋಗುತ್ತದೆ ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ಬಿಲ್ಲೆಗಳೆಲ್ಲ ಒಟ್ಟಿಗೆ ಒಂದು ಗಾಜಿನ ಪೆಟ್ಟಿಗೆಯಲ್ಲಿ ಕೂತದ್ದನ್ನು ನೋಡಬೇಕು, ಅಷ್ಟೇ ಅವರ ಆಸೆ. ಚೂಟಿ ಫೋಟೋ ತೆಗೆದು ಸಂಗ್ರಹಾಲಯಕ್ಕೆ ಕಳಿಸಿದ್ದಳು. ಉತ್ತರ ಬಂತು. ಶುಕ್ರವಾರ ಬಂದು ನೋಡುತ್ತೇವೆ, ಸರಿಯೆನಿಸಿದರೆ ಮೂಲೆಯ ಕೋಣೆಯಲ್ಲಿ ಒಂದು ಪೆಟ್ಟಿಗೆ ಕೊಡುತ್ತೇವೆ ಎಂದು. ಆ ಕಾಗದವನ್ನು ಮಾವ ಮೊಮ್ಮಗಳ ಕೈಲಿ ನಾಲ್ಕು ಸಲ ಓದಿಸಿದ್ದನ್ನು ಸೊಸೆ ಒಲೆಯ ಮುಂದೆ ನಿಂತೇ ಎಣಿಸಿದ್ದಳು.

ಮಳೆ ನಿಂತ ಆ ದಿನ ಚೂಟಿ ತಾತನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೊರಟಳು. ಮಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಹೆಂಡತಿಯ ಕಡೆ ತಿರುಗಿದ.

"ಏನೇ, ಬರೋರ ಮುಂದೆ ಅವನ್ನ ಹಾಗೇ ಇಡ್ಬೇಡ. ಒಲೆಯಿಂದ ತೆಗೆದ ಇದ್ದಿಲು ಇದ್ದ ಹಾಗಿವೆ. ಮನುಷ್ಯರ ಮುಖ ಅಂತಾದ್ರೂ ಗೊತ್ತಾಗ್ಲಿ."

ಹೇಳಿದ್ದು ಯಾರಿಗೆ? ಬಾಡಿಗೆ ಪಾತ್ರೆ ಅಂಗಡಿಯಲ್ಲಿ ಹದಿನಾರು ವರ್ಷದಿಂದ ಹಿತ್ತಾಳೆ ಬೆಳಗುವವಳಿಗೆ. ಮದುವೆಗೆ ಹೋಗಿ ಮಸಿ ಹಿಡಿದು ಬಂದ ಕೊಳದಪ್ಪಲೆಗಳಲ್ಲಿ ಮಾರನೇ ದಿನ ಮುಖ ನೋಡಿಕೊಂಡು ಬೈತಲೆ ತೆಗೆಯಬಹುದು, ಅಂಥ ಕೈ ಅವಳದು. ಅವಳಿಗೆ ಬೇರೆ ಓದು ಬರಹ ಬಾರದು. ಮಾವನಿಗೆ ಅವಳು ಅನ್ನ ಬಡಿಸಿದ್ದಳು, ಬಟ್ಟೆ ಒಗೆದಿದ್ದಳು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದಳು. ಅವರ ಬಿಲ್ಲೆಗಳಿಗೆ ಮಾತ್ರ ಒಂದು ದಿನವೂ ಕೈ ಹಚ್ಚಿರಲಿಲ್ಲ. ಆವತ್ತು ಹಚ್ಚಿದಳು. ಬೀರುವಿನಲ್ಲಿದ್ದ ತಟ್ಟೆಗಳನ್ನು ಬಿಲ್ಲೆಗಳ ಸಾಲು ಕದಡದ ಹಾಗೆ ಬಟ್ಟೆಯ ಚೀಲಕ್ಕಿಳಿಸಿಕೊಂಡು ಅಂಗಡಿಗೆ ನಡೆದಳು.

"ರಜೆ ದಿನಾನೂ ಬಂದ್ಯಲ್ಲಮ್ಮ, ಗಂಡ ಮನೆಯಿಂದ ಓಡಿಸಿದ್ನಾ?" ಎಂದ ಅಂಗಡಿಯ ಯಜಮಾನ.

"ಓಡಿಸೋಕೆ ಅವರಿಗೆ ಬಸ್ಸು ಸಾಕು, ನಾನ್ಯಾಕೆ," ಎಂದು ಸೊಸೆ ಹಿಂದಿನ ಅಂಗಳಕ್ಕೆ ಹೋದಳು.

ಹುಳಿನೀರಿನ ತೊಟ್ಟಿಯಲ್ಲಿ ಮೊದಲನೆಯ ಬಿಲ್ಲೆಯನ್ನು ಅದ್ದಿ, ಉಪ್ಪು ಹಾಕಿ ಬೆರಳಲ್ಲಿ ಉಜ್ಜಿದಾಗ ಕಪ್ಪೆಲ್ಲ ಜಾರಿ ಒಂದು ಮೀಸೆ ಕಾಣಿಸಿತು. ಅವಳಿಗೆ ನಗು ಬಂತು. "ಅಯ್ಯೋ, ಇಷ್ಟು ದಿನ ಎಲ್ಲಿ ಅಡಗಿದ್ರಿ ಸ್ವಾಮಿ," ಎಂದಳು. ಮುಂದಿನದರಲ್ಲಿ ಕಪ್ಪು ಬಿಡಲಿಲ್ಲ. ಪಾಲಿಶ್ ಚಕ್ರ ಹಾಕಿದಳು. ಚಕ್ರದ ಮುಂದೆ ಕೂತರೆ ಅವಳ ಕೈಗೆ ಗೊತ್ತಿದ್ದದ್ದು ಒಂದೇ: ಕಪ್ಪು ಹೋಗಬೇಕು. ಸಂಜೆಯ ಹೊತ್ತಿಗೆ ನೂರಾ ಎಂಬತ್ತಾರೂ ಅಂಗಳದ ಚಾಪೆಯ ಮೇಲೆ ತಟ್ಟೆಯಲ್ಲಿದ್ದ ಸಾಲಿನಲ್ಲೇ ಹೊಳೆಯುತ್ತಾ ಒಣಗುತ್ತಿದ್ದವು. ಜೊತೆಗೆ ಕೆಲಸ ಮಾಡುವ ಹೆಂಗಸರು ಬಂದು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಸೊಸೆಗೆ ಜನ್ಮದಲ್ಲಿ ಅಷ್ಟು ಹಗುರ ಅನ್ನಿಸಿರಲಿಲ್ಲ.

ಡ್ಯೂಟಿ ಮುಗಿಸಿ ಬಂದ ಮಗನೂ ದಂಗಾದ. "ಇವು ನಮ್ಮ ಮನೇಲಿದ್ವೇನೇ? ಚಿನ್ನದಂಗಡಿ ಇಡಬಹುದಲ್ಲ," ಎಂದ. ಆಸ್ಪತ್ರೆಯಿಂದ ಬಂದ ಮಾವ ಕಣ್ಣಿಗೆ ಹಾಕಿದ ಔಷಧದ ಉರಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಬೆಳಿಗ್ಗೆ ನೋಡಿ ಖುಷಿಪಡಲಿ ಎಂದು ಸೊಸೆ ಬಿಲ್ಲೆಗಳನ್ನು ಮೊದಲಿದ್ದ ತಟ್ಟೆಗಳಲ್ಲಿ ಮೊದಲಿದ್ದ ಹಾಗೇ ಜೋಡಿಸಿಟ್ಟಳು.

ಬೆಳಿಗ್ಗೆ ಮಾವ ಎಂದಿನಂತೆ ಮೊದಲ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡರು. ಹೆಬ್ಬೆರಳು ಮೊದಲ ಬಿಲ್ಲೆಯ ಮೇಲೆ ಹೋಯಿತು, ಬಂತು. ಅದನ್ನಿಟ್ಟು ಎರಡನೆಯದನ್ನು ತೆಗೆದರು. ಮೂರನೆಯದು. ಹತ್ತನೆಯದನ್ನು ಮುಗಿಸಿ ಮತ್ತೆ ಮೊದಲನೆಯದಕ್ಕೆ ಬಂದರು. ಸೊಸೆ ಚಹಾ ಹಿಡಿದು ನಿಂತೇ ಇದ್ದಳು.

"ಚೂಟಿ," ಎಂದು ಕರೆದರು. "ಇದು ನಮ್ಮ ತಟ್ಟೆ ಹೌದೇನೇ?"

"ಹೌದು ತಾತ."

"ಯಾರೂ ಸಿಗ್ತಿಲ್ಲ ಮಗಳೇ. ಇಲ್ಲಿ ಏಣಿ ಗುರುತಿನೋನು ಇರ್ಬೇಕು, ಅವನ ಕಿವಿ ಹತ್ರ ಒಂದು ಗೀರಿತ್ತು. ಇಲ್ಲಿ ಗಡಿಯಾರದೋನು. ಎಲ್ಲ ಒಂದೇ ಥರ ಇದಾರೆ."

ಚೂಟಿ ಬಗ್ಗಿ ನೋಡಿ, ತಲೆಯೆತ್ತಿ ಅಮ್ಮನನ್ನು ನೋಡಿದಳು. "ಅಮ್ಮ, ಚಕ್ರಕ್ಕೆ ಹಿಡಿದ್ಯಾ?"

"ಕಪ್ಪಾಗಿದ್ವಲ್ಲೇ…"

"ಕಪ್ಪಾಗಿರ್ಲಿ ಅಂತಲೇ ಇಟ್ಟಿದ್ದು! ತಾತ ಐವತ್ತು ವರ್ಷ ಒಂದಕ್ಕೂ ನೀರು ತಾಗಿಸಿರ್ಲಿಲ್ಲ. ಯಾರನ್ನಾದ್ರೂ ಒಂದು ಮಾತು ಕೇಳೋಕೆ ಆಗ್ಲಿಲ್ವಾ ನಿಂಗೆ?"

"ಅಮ್ಮನಿಗೆ ಹಾಗೆ ಅನ್ಬಾರ್ದು," ಎಂದರು ಮಾವ. ಸೊಸೆಯ ಕೈಯಿಂದ ಲೋಟ ತೆಗೆದುಕೊಂಡು ಚಹಾ ಕುಡಿದರು. ಪೂರ್ತಿ ಕುಡಿದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಸೊಸೆಗೆ ಅನ್ನಿಸಿದ್ದು ಆಗ.

ಶುಕ್ರವಾರ ಸಂಗ್ರಹಾಲಯದ ಅಧಿಕಾರಿ ಹೇಳಿದ ಹೊತ್ತಿಗೆ ಬಂದ. ಮೆದು ಮಾತಿನ, ನಡುವಯಸ್ಸಿನ ಮನುಷ್ಯ. ಕೈಗೆ ಬಿಳಿ ಗವುಸು ತೊಟ್ಟು, ಭೂತಗನ್ನಡಿ ಹಿಡಿದು ಒಂದೊಂದೇ ತಟ್ಟೆ ನೋಡಿದ. ನಾಲ್ಕನೆಯ ತಟ್ಟೆಗೆ ಗವುಸು ಕಳಚಿ ಜೇಬಿಗೆ ಹಾಕಿಕೊಂಡ.

"ಫೋಟೋದಲ್ಲಿ ಇದ್ದದ್ದು ಇವೇನಾ?"

"ಇವೇ ಸರ್," ಎಂದಳು ಚೂಟಿ.

"ಯಾರು ತೊಳೆದದ್ದು?"

"ನಾನೇ ತೊಳೆಸ್ದೆ," ಎಂದರು ಮಾವ.

"ಇಲ್ಲ ಸರ್, ನಾನು. ಅವರಿಗೆ ಗೊತ್ತಿರ್ಲಿಲ್ಲ," ಎಂದಳು ಸೊಸೆ ಅಡುಗೆಮನೆಯ ಬಾಗಿಲಿಂದ.

ಅಧಿಕಾರಿ ಅವಳನ್ನು ಹತ್ತಿರ ಕರೆದು ಒಂದು ಬಿಲ್ಲೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದ. "ನೋಡಿ ಅಮ್ಮ, ಲೋಹ ಆಗಲೇ ಸವೆದು ತೆಳ್ಳಗಾಗಿತ್ತು. ತಗ್ಗುಗಳಲ್ಲಿ ಕಪ್ಪು ಕೂತಿತ್ತಲ್ಲ, ಮೂಗು ಕಣ್ಣು ಅಂತ ಉಳಿದದ್ದೇ ಅದರಲ್ಲಿ. ಚಕ್ರಕ್ಕೆ ಹಿಡಿದಾಗ ಅದೂ ಹೋಯ್ತು, ಅಕ್ಷರದ ಅಂಚೂ ಹೋಯ್ತು. ಇದು ಯಾವ ವರ್ಷದ್ದು, ಯಾರದ್ದು ಅಂತ ಈಗ ನಾನು ಬರೆಯೋ ಹಾಗಿಲ್ಲ."

"ನಮ್ಮಪ್ಪನಿಗೆ ಗೊತ್ತು ಸರ್, ಪುಸ್ತಕದಲ್ಲೂ ಬರ್ದಿಟ್ಟಿದಾರೆ, ಅವರು ಹೇಳ್ತಾರೆ. ಬರ್ಕೊಳ್ಳಿ," ಎಂದ ಮಗ. ಗುಜರಿಗೆ ಹಾಕುತ್ತೇನೆ ಎಂದು ಹಾರಾಡಿದವನು ಅವನೇ. ಈಗ ಅವನ ದನಿ ಬೇರೆಯಾಗಿತ್ತು. "ಒಂದು ಮೂಲೇಲಿ ಇಟ್ಟರೂ ಸಾಕು. ಗಾಜಿನೊಳಗೆ ಇಟ್ಟರೆ ಸಾಕು."

"ಬಿಲ್ಲೆ ಮೇಲೇ ಗುರುತು ಕಾಣದಿದ್ರೆ, ನಾನು ಇಡ್ತೀನಿ ಅಂದ್ರೂ ಸಮಿತಿ ಒಪ್ಪಲ್ಲಪ್ಪ. ನನಗೂ ಬೇಜಾರೇ."

ಬಾಗಿಲ ತನಕ ಅವನನ್ನು ಬಿಡಲು ಹೋದ ಸೊಸೆ ಮೆಲ್ಲಗೆ ಕೇಳಿದಳು, "ಮತ್ತೆ ಕಪ್ಪು ಮಾಡೋಕೆ ಏನಾದ್ರೂ ಇದೆಯಾ ಸರ್?" ಅಧಿಕಾರಿ ಕೈ ಮುಗಿದು ಹೋದ.

ಆಮೇಲಿನ ಎರಡು ವಾರ ಸೊಸೆ ಮಾಡದ ಪಾಡಿಲ್ಲ. ಮೊಟ್ಟೆ ಇಟ್ಟ ಬೆಳ್ಳಿ ತಟ್ಟೆ ಕಪ್ಪಾಗುವುದನ್ನು ಅಂಗಡಿಯಲ್ಲಿ ಕಂಡಿದ್ದಳು. ಬೇಯಿಸಿದ ಮೊಟ್ಟೆ ಹೋಳು ಮಾಡಿ ಬಿಲ್ಲೆಗಳ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟಳು. ಒದ್ದೆ ಬೂದಿಯಲ್ಲಿ ಹೂತಳು. ಹೊಗೆ ಹಿಡಿದಳು. ಮನೆಯೆಲ್ಲ ಕೊಳೆತ ಮೊಟ್ಟೆಯ ವಾಸನೆ.

"ಸೋತೋರಿಗೆಲ್ಲ ಮೊಟ್ಟೆ ಊಟ, ನಮಗೆ ಬರೀ ಬೇಳೆ," ಎಂದ ಮಗ ಊಟಕ್ಕೆ ಕೂತು. ಯಾರೂ ನಗಲಿಲ್ಲ. ಅವನೂ ತಟ್ಟೆ ನೋಡಿಕೊಂಡು ಉಂಡ.

ಕಪ್ಪೇನೋ ಬಂತು. ನುಣ್ಣಗಿನ ತಗಡಿನ ಮೇಲೆ ಮಸಿ ಬಳಿದ ಹಾಗೆ ಬಂತು, ಮುಖ ಬರಲಿಲ್ಲ. ಸೊಸೆ ಅದನ್ನು ಮಾವನ ಕೈಗಿಟ್ಟಳು. ಅವರು ಹೆಬ್ಬೆರಳಾಡಿಸಿ, "ಬಿಡು ತಾಯಿ, ನಿನ್ನ ಕೈ ಹುಣ್ಣಾಗುತ್ತೆ," ಎಂದರು. ಅದಾದ ಮೇಲೆ ಅವರು ತಟ್ಟೆಗಳನ್ನು ಮಡಿಲಿಗೆ ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಎದ್ದು ಗೋಡೆಗೆ ಒರಗಿ ಕೂರುವರು, ಬೆರಳುಗಳು ಖಾಲಿ ಮಂಡಿಯ ಮೇಲೆ ತಾವಾಗಿ ಆಡುತ್ತಿರುವವು. ಕಿಟಕಿ ಯಾವ ಕಡೆ ಇದೆ ಎಂಬುದೂ ಅವರಿಗೆ ಸರಿಯಾಗಿ ತಿಳಿಯದಾಗುತ್ತಿತ್ತು.

ಮನೆ ಖಾಲಿ ಮಾಡಲು ಹತ್ತು ದಿನ ಉಳಿದಾಗ ಮಗ ಗುಜರಿಯವನನ್ನು ಕರೆದುಕೊಂಡು ಬಂದ. ಬೀರು, ಮುರಿದ ಕುರ್ಚಿ, ಹಳೇ ಪೇಪರು ಎಲ್ಲ ಗಾಡಿಗೆ ಏರಿದವು. ಗುಜರಿಯವ ತಟ್ಟೆಗಳ ಸಮೇತ ಬಿಲ್ಲೆ ತುಂಬಿದ್ದ ಚೀಲಕ್ಕೆ ಕೈ ಹಾಕುವಾಗ ಚೂಟಿ ಅಡ್ಡ ನಿಂತಳು.

"ಇದು ಮುಟ್ಬೇಡಿ."

"ಇನ್ನೇನು ಮಾಡೋಣ ಹೇಳು," ಎಂದ ಮಗ ಬೇಸತ್ತು. "ನಿನ್ನ ತಾತ ಮುಟ್ಟಲ್ಲ, ಸರ್ಕಾರ ತಗೊಳ್ಳಲ್ಲ. ನಾನೇನು ಮನುಷ್ಯ ಅಲ್ವಾ? ನನಗೆ ಖುಷಿನಾ ಇದು?"

"ಅವು ಮಾರೋ ಹಾಗಿಲ್ಲ," ಎಂದರು ಒಳಗಿನಿಂದ ಮಾವ. "ಅವು ನನ್ನವಲ್ಲ."

ಎಲ್ಲರೂ ತಿರುಗಿದರು.

"ಚರಂಡಿಯಲ್ಲಿ ಸಿಕ್ಕಿದವು ನನ್ನವು. ಉಳಿದವು ಜನ ನಂಬಿ ಕೊಟ್ಟದ್ದು. ಪುಸ್ತಕದಲ್ಲಿ ಬರ್ದಿದೀನಿ ನೋಡು ಚೂಟಿ. ಕೆಂಪು ಗೆರೆ ಎಳೆದದ್ದೆಲ್ಲ, ಕೇಳಿದಾಗ ಕೊಡ್ತೀನಿ ಅಂತ ಮಾತು ಕೊಟ್ಟು ತಂದದ್ದು."

ಚೂಟಿ ಪುಸ್ತಕ ತೆಗೆದು ಓದಿದಳು. ಕೆಂಪು ಗೆರೆಯವು ಮೂವತ್ತೊಂದು. ಅದರಲ್ಲಿ ಇಪ್ಪತ್ತು ಮನೆಗಳು ಈಗ ಇರಲಿಲ್ಲ, ಇಲ್ಲವೇ ಅಲ್ಲಿ ಬೇರೆಯವರಿದ್ದರು. ಹನ್ನೊಂದು ಉಳಿದವು. ಬಿಲ್ಲೆಗಳು ಒಂದೇ ಥರ ಆಗಿದ್ದರೂ ಸೊಸೆ ಉಜ್ಜುವಾಗಲೂ ಕಪ್ಪು ಮಾಡುವಾಗಲೂ ಅವನ್ನು ತಟ್ಟೆಯ ಸಾಲು ತಪ್ಪದ ಹಾಗೆ ಇಟ್ಟಿದ್ದರಿಂದ ಯಾವುದು ಯಾರದ್ದು ಎಂದು ಪುಸ್ತಕದ ಸಂಖ್ಯೆಯಿಂದ ತಿಳಿಯುತ್ತಿತ್ತು. ಕೊನೆಯ ಗೆರೆಯ ಹತ್ತಿರ ಚೂಟಿ ನಿಂತಳು.

"ತಾತ, ಇಲ್ಲಿ 'ದರ್ಜಿ, ಕೊಡೆ ಗುರುತಿನವರ ಮಗಳು. ಕೇಳಿದರು. ಮತ್ತೆ ಕೇಳಿದರು' ಅಂತ ಬರ್ದಿದೀಯ. ಕೊಟ್ಟದ್ದು ಬರ್ದಿಲ್ಲ."

ಮಾವ ಮಂಡಿಯ ಮೇಲಿನ ಪಂಚೆಯನ್ನು ಸರಿಪಡಿಸಿಕೊಂಡರು.

"ಕೊಡ್ಲಿಲ್ಲ," ಎಂದರು. "ಎರಡು ಸಲ ಇದೇ ಬಾಗಿಲಿಗೆ ಬಂದಿದ್ಲು. ಕೊಟ್ರೆ ಆ ವರ್ಷದ ಸಾಲು ಮುರಿಯುತ್ತೆ ಅಂತ, ಎಲ್ಲಿಟ್ಟಿದೀನೋ ಹುಡುಕ್ತೀನಿ ಅಂತ ಸುಳ್ಳು ಹೇಳಿ ಕಳಿಸ್ದೆ. ಸೋತೋರಿಗೆ ನಾನೊಬ್ಬನೇ ದಿಕ್ಕು ಅನ್ಕೊಂಡಿದ್ದೆ ನೋಡು."

ಆವತ್ತು ಮಗ ಬಿಲ್ಲೆಯ ಚೀಲವನ್ನು ತಾನೇ ಎತ್ತಿ ಒಳಗಿಟ್ಟ.

ಕೊಟ್ಟು ಬರುವ ಕೆಲಸ ಸೊಸೆಯ ಪಾಲಿಗೆ ಬಂತು. ಯಾರೂ ಹೇಳಲಿಲ್ಲ, ಅವಳೇ ಎತ್ತಿಕೊಂಡಳು. ಅಂಗಡಿಯ ಕೆಲಸ ಮುಗಿಸಿ, ಚೂಟಿ ಬರೆದುಕೊಟ್ಟ ಚೀಟಿಗಳನ್ನು ದಾರಿಯಲ್ಲಿ ಸಿಕ್ಕವರ ಕೈಲಿ ಓದಿಸಿಕೊಂಡು, ದಿನಕ್ಕೊಂದು ಎರಡು ಮನೆ ಹುಡುಕಿದಳು. ಒಂದು ಕಡೆ, "ಇದೇನು ಚಿನ್ನವಾ?" ಎಂದು ಕೇಳಿ, ಅಲ್ಲ ಎಂದ ಮೇಲೆ ಕಿಟಕಿಯ ಮೇಲಿಟ್ಟರು. ಒಂದು ಕಡೆ ಮಗುವಿನ ಕೈಗೆ ಆಟಕ್ಕೆ ಕೊಟ್ಟರು. ಒಬ್ಬ ತನ್ನ ತಾತ ಚುನಾವಣೆಗೆ ನಿಂತದ್ದೇ ಸುಳ್ಳು ಎಂದು ವಾದಿಸಿ ಬಾಗಿಲು ಹಾಕಿಕೊಂಡ. ಎಲ್ಲೂ ಯಾರೂ ಮುಖ ಎಲ್ಲಿ ಎಂದು ಕೇಳಲಿಲ್ಲ. ಕೇಳದಿದ್ದದ್ದು ಅವಳಿಗೆ ಸಮಾಧಾನವೂ ಆಯಿತು, ಒಂದು ಥರ ಸಂಕಟವೂ ಆಯಿತು. ಪ್ರತಿ ಮನೆಯಿಂದ ಬಂದು ಅವಳು "ತಗೊಂಡ್ರು ಮಾವ" ಎನ್ನುವಳು. "ಒಳ್ಳೇದಾಯ್ತು ತಾಯಿ" ಎನ್ನುವರು ಅವರು. ಅದಕ್ಕಿಂತ ಹೆಚ್ಚು ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ.

ದರ್ಜಿಯ ಮನೆ ಕೊನೆಯದು. ಸಾಮಾನೆಲ್ಲ ಮೂರನೇ ಮಹಡಿ ಏರಿದ ಮಾರನೇ ದಿನ ಮಧ್ಯಾಹ್ನ ಸೊಸೆ ಅಲ್ಲಿಗೆ ಹೋದಳು. ಓಣಿಯ ಕಡೆಗೆ ತೆರೆದ ಒಂದೇ ಕೋಣೆ. ಬಾಗಿಲ ಬೆಳಕಿಗೆ ಹೊಲಿಗೆ ಯಂತ್ರ ಹಾಕಿಕೊಂಡು, ತಲೆ ಪೂರ್ತಿ ಬೆಳ್ಳಗಾದ ಹೆಂಗಸು ಶಾಲೆಯ ಅಂಗಿಗಳಿಗೆ ತೋಳು ಕೂಡಿಸುತ್ತಿದ್ದಳು.

"ಅಳತೆ ಕೊಡೋದಾದ್ರೆ ಇವತ್ತು ಬೇಡಮ್ಮ, ಕೈ ತುಂಬ ಇದೆ," ಎಂದಳು ತಲೆಯೆತ್ತದೆ.

"ಅಳತೆಗಲ್ಲ. ನಾನು ಬಿಲ್ಲೆ ತಾತನ ಸೊಸೆ."

ಯಂತ್ರ ನಿಂತಿತು. ದರ್ಜಿ ಬಾಯಲ್ಲಿದ್ದ ಸೂಜಿಯನ್ನು ತೆಗೆದು ರವಿಕೆಯ ತೋಳಿಗೆ ಸಿಕ್ಕಿಸಿಕೊಂಡಳು. "ಬದುಕಿದಾರಾ?" ಎಂದಳು.

"ಇದಾರೆ. ಕಣ್ಣು ಹೋಗಿದೆ. ನಿಮಗೆ ಸುಳ್ಳು ಹೇಳಿ ಕಳಿಸ್ದೆ, ತಪ್ಪಾಯ್ತು ಅನ್ನು ಅಂದ್ರು."

"ಗೊತ್ತಿತ್ತು. ಸುಳ್ಳು ಹೇಳುವಾಗ ಆ ಮನುಷ್ಯನ ಕಿವಿ ಕೆಂಪಾಗ್ತಿತ್ತು." ದರ್ಜಿ ಮೊಣಕಾಲು ಹಿಡಿದುಕೊಂಡು ಎದ್ದು, ಬಟ್ಟೆಯ ರಾಶಿ ಸರಿಸಿ ಸ್ಟೂಲು ಕೊಟ್ಟಳು, ನೀರು ಕೊಟ್ಟಳು. "ನಮ್ಮಪ್ಪ ಹತ್ತೊಂಬತ್ತು ವೋಟಲ್ಲಿ ಸೋತದ್ದು. ಮಾರನೇ ದಿನ ಜನ ಬಿಲ್ಲೆನೆಲ್ಲ ತಂದು ನಮ್ಮ ಬಾಗಿಲಿಗೆ ಎಸೆದ್ರಂತೆ. ಅಪ್ಪ ಊರು ಬಿಟ್ಟೋನು ಬರ್ಲೇ ಇಲ್ಲ. ಅಮ್ಮ ಸಿಟ್ಟಲ್ಲಿ ಇದ್ದ ಫೋಟೋ ಎಲ್ಲ ಒಲೆಗೆ ಹಾಕಿದ್ಲು. ದಾರದ ಡಬ್ಬೀಲಿ ಒಂದು ಬಿಲ್ಲೆ ಮಾತ್ರ ಉಳಿದಿತ್ತು. ಅದನ್ನ ನಿಮ್ಮ ಮಾವ ಬರ್ಕೊಂಡು ಕೊಡ್ತೀನಿ ಅಂತ ಒಯ್ದ್ರು. ನಂಗಾಗ ನಾಲ್ಕು ವರ್ಷ, ಅಪ್ಪ ಹೋದಾಗ. ಮುಖ ಹೇಗಿತ್ತು ಅಂತ ಕೂತು ಯೋಚಿಸಿದ್ರೆ ಆ ಬಿಲ್ಲೆಯ ಮುಖವೇ ಬರೋದು. ಈಗೀಗ ಅದೂ ಬರಲ್ಲ." ಅವಳು ಸೆರಗಿಗೆ ಕೈ ಒರೆಸಿಕೊಂಡು ಅಂಗೈ ಚಾಚಿದಳು. "ತಂದಿದೀಯಾ?"

ಸೊಸೆ ಕಾಗದದ ಪೊಟ್ಟಣವನ್ನು ಬಿಚ್ಚಲಿಲ್ಲ. ಹತ್ತು ಮನೆಯಲ್ಲಿ ಹೇಳಬೇಕಾಗದಿದ್ದ ಮಾತನ್ನು ಇಲ್ಲಿ ಹೇಳಲೇಬೇಕಿತ್ತು. ದೇವರೇ, ಇವಳೂ ಚಿನ್ನವಾ ಎಂದು ಕೇಳಿದ್ದರೆ ಆಗಿತ್ತಲ್ಲ.

"ಮುಖ ಇಲ್ಲಮ್ಮ ಇದರಲ್ಲಿ," ಎಂದಳು. "ಕಪ್ಪಾಗಿದೆ ಅಂತ ನಾನು ಉಜ್ಜಿದೆ. ನಂಗೆ ಗೊತ್ತಾಗ್ಲಿಲ್ಲ. ಕಪ್ಪಿನ ಜೊತೆ ಮುಖಾನೂ ಹೋಯ್ತು. ಅಂಚಲ್ಲಿ ಕೊಡೆಯ ಹಿಡಿ ಒಂಚೂರು ಉಳಿದಿದೆ, ಅಷ್ಟೆ."

ಓಣಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು. ಅರ್ಧ ಹೊಲಿದ ಅಂಗಿ ಯಂತ್ರದ ಮೇಲಿಂದ ಮೆಲ್ಲಗೆ ಜಾರಿ ನೆಲಕ್ಕೆ ಬಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ. ಚಾಚಿದ ಕೈ ಮಾತ್ರ ಹಾಗೇ ಇತ್ತು.

"ಕೊಡು," ಎಂದಳು ದರ್ಜಿ ಕೊನೆಗೆ. "ಉಳಿದಷ್ಟನ್ನ ಕೊಡು."

ಸೊಸೆ ಪೊಟ್ಟಣ ಬಿಚ್ಚಿ ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟಳು.